ಅಪ್ಪನನ್ನು ಮನೆಯಲ್ಲಿ ಬಿಟ್ಟು ಬರಬೇಡ ಅಕ್ಕಾ

ಅಕ್ಕಾ, ನಿನ್ನ ಮೆಸೇಜ್ ಈಗ ನೋಡಿದೆ. ಇದು ಸ್ವಲ್ಪ ಉದ್ದ ಆಗುತ್ತದೆ, ಅಡುಗೆ ಮಾಡುತ್ತಾ ಕೇಳಿಸಿಕೋ. ಭಾನುವಾರ ಎಲ್ಲರೂ ಲಾಲ್‌ಬಾಗ್‌ಗೆ ಹೋಗೋಣ, ಅಪ್ಪನಿಗೆ ಮಂಡಿನೋವು, ಅವರು ಊರಲ್ಲೇ ಇರಲಿ ಅಂತ ಹಾಕಿದ್ದೀಯಲ್ಲ, ಅದೊಂದು ಬೇಡ. ಅಪ್ಪನೂ ಬರಲಿ. ಜಾಗ ಬದಲಾಯಿಸೋಣ.

ಬಸವನಗುಡಿಯ ಬ್ಯೂಗಲ್ ರಾಕ್ ಪಾರ್ಕಿಗೆ ಹೋಗೋಣ. ಕಹಳೆ ಬಂಡೆ ಅಂತಾರಲ್ಲ, ದೊಡ್ಡ ಬಸವಣ್ಣನ ಗುಡಿ ಪಕ್ಕದ್ದು. ಲಾಲ್‌ಬಾಗ್ 240 ಎಕರೆ ಅಕ್ಕಾ. ಹೋದ ವರ್ಷ ನಮ್ಮ ಮಾವನವರನ್ನು ಅಲ್ಲಿಗೆ ಕರೆದುಕೊಂಡು ಹೋಗಿ ತಪ್ಪು ಮಾಡಿದೆವು. ಕೆರೆಯವರೆಗೆ ಹೇಗೋ ನಡೆದರು. ವಾಪಸ್ ಬರುವಾಗ ಹತ್ತು ಹೆಜ್ಜೆಗೊಮ್ಮೆ ಕೂರಬೇಕಾಯಿತು. "ನನ್ನಿಂದ ನಿಮಗೆಲ್ಲ ತೊಂದರೆ" ಅಂತ ದಾರಿಯುದ್ದಕ್ಕೂ ಅಂದರು. ಆ ಮಾತು ನನಗೆ ಇನ್ನೂ ಚುಚ್ಚುತ್ತದೆ. ಬ್ಯೂಗಲ್ ರಾಕ್ ಸುಮಾರು 16 ಎಕರೆ ಅಷ್ಟೇ. ನಡೆಯೋಕೆ ಒಳ್ಳೆ ದಾರಿ ಇದೆ, ತುಂಬಾ ಮರ, ಸುಸ್ತಾದರೆ ಕೂತುಕೊಳ್ಳಬಹುದು. ಎಲ್ಲಿಂದಲೂ ಗೇಟು ದೂರ ಅನ್ನಿಸಲ್ಲ.

ಕಳೆದ ಭಾನುವಾರ ಮಾವನವರ ಜೊತೆ ಅಲ್ಲಿಗೇ ಹೋಗಿದ್ದೆವು. ಅದಕ್ಕೇ ಇಷ್ಟು ಧೈರ್ಯವಾಗಿ ಹೇಳುತ್ತಿದ್ದೇನೆ. ಮೊದಲು ಬರಲ್ಲ ಅಂದರು. ಬಲವಂತ ಮಾಡಿ ಕರೆದುಕೊಂಡು ಹೋದೆ. ಒಳಗೆ ಹೋಗಿ ನಿಧಾನಕ್ಕೆ ಒಂದು ಸುತ್ತು ಬಂದೆವು. ಆಮೇಲೆ ಬಂಡೆ ಹತ್ತಿರ ಹೋಗಿ ಕೋಲು ನನ್ನ ಕೈಗೆ ಕೊಟ್ಟರು. ಎರಡೂ ಅಂಗೈ ಕಲ್ಲಿನ ಮೇಲೆ ಇಟ್ಟು ಸುಮ್ನೆ ನಿಂತರು. ಮಧ್ಯಾಹ್ನದ ಬಿಸಿಲಿಗೆ ಕಾದು ಅದು ಇನ್ನೂ ಬೆಚ್ಚಗಿತ್ತು. ಬೂದು ಕಲ್ಲು, ಅದರ ಮೇಲೆ ವಿಭೂತಿ ಎಳೆದ ಹಾಗೆ ಬಿಳಿ ಪಟ್ಟೆ. "ಇದು ನಮ್ಮೂರ ಹಾಸುಬಂಡೆ ತರಾನೇ ಇದೆ ಕಣಮ್ಮ. ಇಂಥದರ ಮೇಲೇ ರಾಗಿ ಒಣಗಿಸುತ್ತಿದ್ದೆವು" ಅಂದರು. ಆಮೇಲೆ ಶುರುವಾಯಿತು ನೋಡು. ಕಣ ಮಾಡಿದ್ದು, ಮಳೆ ಮೋಡ ಕಂಡು ರಾತ್ರಿ ಎದ್ದು ರಾಗಿ ಬಾಚಿದ್ದು, ಎಲ್ಲ ಹೇಳಿದರು. ನನ್ನ ಮಗ ಫೋನು ಜೇಬಿಗೆ ಹಾಕಿ, ತಾತನ ಪಕ್ಕ ಕೂತು ಕೇಳಿದ.

ಮಾವನವರು ಹೇಳಿದ್ದು ಸರಿಯೇ. ಆ ಬಂಡೆಗೆ ಸುಮಾರು 300 ಕೋಟಿ ವರ್ಷ ಆಗಿದೆ. ಲಾಲ್‌ಬಾಗ್ ಗುಡ್ಡದ ಕಲ್ಲೂ ಅದೇ ಜಾತಿ. ನಮ್ಮ ಕಡೆ ಹೊಲದ ನಡುವೆ ಕಾಣುವ ಎಷ್ಟೋ ಬಂಡೆಗಳೂ ಅದೇ. ಅಪ್ಪನೂ ಮುಟ್ಟಿ ನೋಡಲಿ. ಅವರ ಹತ್ತಿರ ಇಂಥ ಕತೆ ಎಷ್ಟಿದೆಯೋ, ನಾವು ಯಾವತ್ತು ಕೂತು ಕೇಳಿದ್ದೇವೆ ಹೇಳು?

ಮಕ್ಕಳಿಗೆ ಬೇಜಾರಾಗುತ್ತದಾ ಅಂದರೆ, ಇಲ್ಲ. ಕೆಂಪೇಗೌಡರ ಕಾಲದ ಕಾವಲು ಗೋಪುರ ಇದೆ. ಕಾವಲಿನವರು ಅಲ್ಲಿಂದ ಕಹಳೆ ಊದುತ್ತಿದ್ದರಂತೆ, ಅದಕ್ಕೇ ಆ ಹೆಸರು. ಭಾವ ಮಕ್ಕಳನ್ನು ಕರೆದುಕೊಂಡು ಮೇಲೆ ಹತ್ತಲಿ, ಅಪ್ಪನಿಗೆ ಮೆಟ್ಟಿಲು ಬೇಡ. ಡಿ.ವಿ.ಜಿ. ಅವರ ಪ್ರತಿಮೆ ಇದೆ, ಅಲ್ಲಿ ಅಪ್ಪನ ಜೊತೆ ನಾವಿಬ್ಬರೂ ಇರೋಣ.

ಇನ್ನು ಬಾವಲಿಗಳು! ದೊಡ್ಡ ಮರಗಳ ತುದಿಯಲ್ಲಿ ತಲೆಕೆಳಗಾಗಿ ನೇತಾಡುತ್ತಿರುತ್ತವೆ. ಮೊದಲು ಒಣಗಿದ ಎಲೆ ಗೊಂಚಲು ಅಂದುಕೊಂಡೆ. ಒಂದು ಮೆಲ್ಲಗೆ ರೆಕ್ಕೆ ಬಿಚ್ಚಿ ಬೀಸಣಿಗೆ ತರ ಬೀಸಿಕೊಂಡಿತು, ಸೆಕೆಗೆ ಹಾಗೆ ಮಾಡುತ್ತವೆ. ರೆಕ್ಕೆ ಚಾಚಿದರೆ ಒಂದು ಮೀಟರಿಗಿಂತ ಜಾಸ್ತಿ ಇರುತ್ತವೆ. ಕತ್ತಲಾಗುವಾಗ ಒಂದೊಂದೇ ಮರ ಬಿಟ್ಟು ಹಣ್ಣು ಹುಡುಕಿ ಹೊರಡುತ್ತವೆ. ಮಕ್ಕಳು ಹೆದರದ ಹಾಗೆ ಮೊದಲೇ ಹೇಳಿಡು, ಅವು ನಮ್ಮ ತಂಟೆಗೆ ಬರಲ್ಲ. ಕಲ್ಲು ಎಸೆಯಬಾರದು, ಕೆಳಗೆ ಬಿದ್ದಿದ್ದರೆ ಮುಟ್ಟಬಾರದು. ಅವು ತಿಂದು ಉದುರಿಸಿದ ಬೀಜದಿಂದಲೇ ಎಷ್ಟೋ ಮರ ಹುಟ್ಟುತ್ತದೆ ಅಂತಾನೂ ಹೇಳು.

ನಾಲ್ಕೂವರೆಗೆ ಅಲ್ಲಿರೋಣ. ಮಳೆ ಬಂದಿದ್ದರೆ ಬಂಡೆ ಜಾರುತ್ತದೆ, ಅಪ್ಪನಿಗೆ ಹಿಡಿತ ಇರುವ ಚಪ್ಪಲಿ ಹಾಕಿಸು. ಕುಡಿಯೋಕೆ ನೀರು, ಒಂದು ಶಾಲು ಸಾಕು. ತಿಂಡಿ ಕಟ್ಟಿಕೊಳ್ಳಬೇಡ, ಹತ್ತಿರದಲ್ಲೇ ಗಾಂಧಿ ಬಜಾರ್ ಇದೆ. ವಿದ್ಯಾರ್ಥಿ ಭವನದ ದೋಸೆ ಅಂದರೆ ಅಪ್ಪನಿಗೆ ಪ್ರಾಣ ಅಲ್ವಾ. ಭಾನುವಾರ ಕಾಯಬೇಕಾಗುತ್ತದೆ, ನಮ್ಮನೆಯವರು ಮುಂಚೆ ಹೋಗಿ ಹೆಸರು ಬರೆಸುತ್ತಾರೆ.

ಈಗಲೇ ಅಪ್ಪನಿಗೆ ಫೋನ್ ಮಾಡು ಅಕ್ಕಾ. ನಾನು ಕರೆದರೆ "ನೀವು ಹೋಗಿ ಬನ್ನಿ" ಅಂದುಬಿಡುತ್ತಾರೆ. ನೀನು ದೊಡ್ಡವಳು, ನಿನ್ನ ಮಾತು ತೆಗೆದುಹಾಕಲ್ಲ. ಮಾವನವರೂ ಬರುತ್ತಾರೆ, ಜೊತೆಗೆ ಒಬ್ಬರು ಇರುತ್ತಾರೆ ಅಂತ ಹೇಳು.