ಪದಚರ್ಚೆ: ‘ಬದ್ಧ ಸುಂಕ’ ಅಂದರೆ ಎಷ್ಟು ಬದ್ಧ?

ಶಿಡ್ಲಘಟ್ಟದಿಂದ ಪ್ರಶ್ನೆ: ಗೂಡಿನಿಂದ ನೂಲು ಬಿಚ್ಚುವ ರೇಷ್ಮೆ ರೀಲರ್‌ಗಳಿಗಾಗಿ ಸಿದ್ಧವಾಗುತ್ತಿರುವ ಕೈಪಿಡಿಯಲ್ಲಿ ಹೀಗೊಂದು ವಾಕ್ಯವಿದೆ: ‘ವಿಶ್ವ ವ್ಯಾಪಾರ ಸಂಸ್ಥೆಯ ಬದ್ಧ ಸುಂಕದಿಂದಾಗಿ ರಾಜ್ಯದ ಸಾರ್ವಭೌಮತ್ವ ಮೊಟಕಾಗಿ, ರೇಷ್ಮೆಯ ಆಮದು ಸುಂಕ ಇಳಿಸಬೇಕಾಯಿತು.’ ‘ಬೌಂಡ್ ರೇಟ್’ಗೆ ‘ಬದ್ಧ ಸುಂಕ’ ಸರಿಯೇ? ‘ಡಂಪಿಂಗ್’ಗೆ ಕನ್ನಡದಲ್ಲಿ ಏನೆನ್ನಬೇಕು? ತಿಳಿದವರು ಹೇಳಿ.

ಉತ್ತರ: ನಮಸ್ಕಾರ. ನಿಮ್ಮ ವಾಕ್ಯದಲ್ಲಿ ಮೂರು ಪದಗಳು ದಾರಿ ತಪ್ಪಿಸುತ್ತವೆ. ನೀವು ಕೇಳಿದ್ದು ಅವುಗಳಲ್ಲಿ ಒಂದನ್ನು ಮಾತ್ರ.

‘ಬದ್ಧ ಸುಂಕ’ ಎಂದು ಓದಿದವರು ‘ಇಷ್ಟೇ ಹಾಕಲೇಬೇಕು’ ಎಂದುಕೊಳ್ಳುತ್ತಾರೆ. ಅದು ಹಾಗಲ್ಲ. ಒಂದೊಂದು ಸರಕಿನ ಮೇಲೂ ‘ಇದಕ್ಕಿಂತ ಹೆಚ್ಚು ಹಾಕುವುದಿಲ್ಲ’ ಎಂದು ಸದಸ್ಯ ದೇಶ ತನ್ನ ಪಟ್ಟಿಯಲ್ಲಿ ಬರೆದುಕೊಟ್ಟ ಮಾತು ಅದು. ‘ಸುಂಕದ ಮೇಲ್ಮಿತಿ’ ಎನ್ನಿ. ಬಂದರಿನಲ್ಲಿ ನಿಜವಾಗಿ ವಸೂಲಾಗುವುದು ‘ಚಾಲ್ತಿ ಸುಂಕ’. ಮೇಲ್ಮಿತಿಯ ಒಳಗೆ ಏರಿಸುವುದು, ಇಳಿಸುವುದು ಕೇಂದ್ರ ಸರ್ಕಾರದ ಇಷ್ಟ. ಕಚ್ಚಾ ರೇಷ್ಮೆಯ ಸುಂಕವನ್ನು 2011ರ ಕೇಂದ್ರ ಬಜೆಟ್ ಶೇ 30ರಿಂದ ಶೇ 5ಕ್ಕೆ ಇಳಿಸಿತು, 2013ರ ಬಜೆಟ್ ಶೇ 15ಕ್ಕೆ ಏರಿಸಿತು. ಎರಡೂ ದೆಹಲಿಯ ತೀರ್ಮಾನಗಳೇ. ‘ಇಳಿಸಬೇಕಾಯಿತು’ ಅಲ್ಲ, ‘ಇಳಿಸಿತು’.

ಮೇಲ್ಮಿತಿಯನ್ನು ದಾಟಬೇಕೆಂದರೆ ಮಾತ್ರ ಕೈ ಕಟ್ಟುತ್ತದೆ. ಆಗ ಗ್ಯಾಟ್‌ನ (ಸುಂಕ ಮತ್ತು ವ್ಯಾಪಾರದ ಸಾಮಾನ್ಯ ಒಪ್ಪಂದದ) 28ನೇ ವಿಧಿಯಂತೆ ಆ ಸರಕಿನ ಮುಖ್ಯ ರಫ್ತುದಾರ ದೇಶಗಳೊಡನೆ ಮಾತುಕತೆ ನಡೆಸಿ, ಬದಲಿಗೆ ಬೇರೆ ಸರಕುಗಳಲ್ಲಿ ರಿಯಾಯಿತಿ ಕೊಡಬೇಕು. ಕೊಡದೆ ದಾಟಿದರೆ ಜಿನೀವಾದಲ್ಲಿರುವ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ವ್ಯಾಜ್ಯ. ಅಲ್ಲಿ ಸೋತು, ತಿದ್ದಿಕೊಳ್ಳದೆ ಕುಳಿತರೆ ಗೆದ್ದ ದೇಶ ಅನುಮತಿ ಪಡೆದು ನಮ್ಮ ಸರಕಿನ ಮೇಲೆ ಎದುರು ಸುಂಕ ಹಾಕಬಹುದು. ಅಷ್ಟೇ, ಜಿನೀವಾದಿಂದ ಪೊಲೀಸರು ಬರುವುದಿಲ್ಲ. ಅಲ್ಲಿನ ಮೇಲ್ಮನವಿ ಮಂಡಳಿಯೇ 2019ರ ಡಿಸೆಂಬರ್‌ನಿಂದ ಕೋರಂ ಇಲ್ಲದೆ ನಿಂತಿದೆ.

ಎರಡನೆಯದು ‘ರಾಜ್ಯ’. ರಾಜ್ಯಶಾಸ್ತ್ರದ ಪಠ್ಯಗಳಲ್ಲಿ ಅದು ದೇಶವೆಂಬ ಅರ್ಥದಲ್ಲಿ ಬರುತ್ತದೆ, ಆದರೆ ಚಿಕ್ಕಬಳ್ಳಾಪುರದ ಓದುಗರಿಗೆ ರಾಜ್ಯವೆಂದರೆ ಕರ್ನಾಟಕ. ಈ ವಿಷಯದಲ್ಲಿ ಗೊಂದಲ ದುಬಾರಿ. ಸಂವಿಧಾನದ ಏಳನೇ ಅನುಸೂಚಿಯಲ್ಲಿ ಕೃಷಿ ರಾಜ್ಯಪಟ್ಟಿಯ 14ನೇ ನಮೂದು. ವಿದೇಶಗಳೊಡನೆ ಒಪ್ಪಂದ ಮಾಡಿಕೊಂಡು ಜಾರಿಗೊಳಿಸುವುದು ಕೇಂದ್ರಪಟ್ಟಿಯ 14ನೇ ನಮೂದು. (ಸಂಖ್ಯೆ ಒಂದೇ ಆಗಿರುವುದು ಕಾಕತಾಳೀಯ, ನೆನಪಿಟ್ಟುಕೊಳ್ಳಲು ಅನುಕೂಲ.) ಒಪ್ಪಂದದ ಜಾರಿಗಾಗಿ ರಾಜ್ಯಪಟ್ಟಿಯ ವಿಷಯದಲ್ಲೂ ಕಾನೂನು ಮಾಡಲು 253ನೇ ವಿಧಿ ಸಂಸತ್ತಿಗೆ ಅಧಿಕಾರ ಕೊಡುತ್ತದೆ. ಅಂದರೆ ಅಂತರರಾಷ್ಟ್ರೀಯ ಒಪ್ಪಂದದಿಂದ ಬೆಂಗಳೂರು ಕಳೆದುಕೊಳ್ಳುವುದು ಬೇರೆ, ದೆಹಲಿ ಕಳೆದುಕೊಳ್ಳುವುದು ಬೇರೆ. ನಿಮ್ಮ ವಾಕ್ಯದಲ್ಲಿ ‘ದೇಶದ ಸಾರ್ವಭೌಮತ್ವ’ ಎಂದಿರಲಿ.

ಮೂರನೆಯದು ಬರಿಯ ‘ರೇಷ್ಮೆ’. ಗೂಡು, ಕಚ್ಚಾ ರೇಷ್ಮೆ, ರೇಷ್ಮೆ ತ್ಯಾಜ್ಯ (ಸುಂಕದ ಪಟ್ಟಿಯಲ್ಲಿ ಶೀರ್ಷಿಕೆ 50.01ರಿಂದ 50.03) ವಿಶ್ವ ವ್ಯಾಪಾರ ಸಂಸ್ಥೆಯ ಕೃಷಿ ಒಪ್ಪಂದದ ಮೊದಲ ಅನುಬಂಧದಲ್ಲಿವೆ. ಅದೇ ನೂಲಿಗೆ ಹುರಿ ಹಾಕಿದರೆ 50.04, ಆಗ ಅದು ಕೃಷಿ ಉತ್ಪನ್ನವಲ್ಲ. ರೇಷ್ಮೆ ಬಟ್ಟೆಯೂ ಕೃಷಿ ಉತ್ಪನ್ನವಲ್ಲ. ಯಾವ ಹಂತದ ಮಾಲು ಎಂಬುದನ್ನು ಪ್ರತಿ ಸಲ ಬರೆಯಿರಿ.

ಇನ್ನು ‘ಡಂಪಿಂಗ್’. ಅದನ್ನು ಹಾಗೇ ಬಿಡುವುದು ಲೇಸು. ‘ಅಗ್ಗದ ಮಾಲು ತಂದು ಸುರಿಯುವುದು’ ಎಂದರೆ ಕಾನೂನಿನ ಅರ್ಥ ಜಾರಿಹೋಗುತ್ತದೆ, ಏಕೆಂದರೆ ಅಗ್ಗವಾಗಿರುವುದಷ್ಟೇ ಡಂಪಿಂಗ್ ಅಲ್ಲ, ತನ್ನ ದೇಶದ ಬೆಲೆಗಿಂತ ಕಡಿಮೆಗೆ ರಫ್ತು ಮಾಡುವುದು ಡಂಪಿಂಗ್. ರಫ್ತುದಾರ ತನ್ನ ದೇಶದಲ್ಲಿ ಕೆ.ಜಿ.ಗೆ 3,000 ರೂಪಾಯಿಗೆ ಮಾರುವ ನೂಲನ್ನು ಇಲ್ಲಿಗೆ 2,400ಕ್ಕೆ ಕಳಿಸಿದ ಎನ್ನೋಣ. ಎರಡೂ ಕಾರ್ಖಾನೆ ಬಾಗಿಲಿನ ಬೆಲೆಗಳಾಗಿರಬೇಕು, ಸಾಗಣೆ ಸೇರಬಾರದು. ವ್ಯತ್ಯಾಸ 600, ಅದನ್ನು ರಫ್ತು ಬೆಲೆಯ ಮೇಲೆ ಲೆಕ್ಕ ಹಾಕಿದರೆ ಶೇ 25. ಶೇ 2ಕ್ಕಿಂತ ಕಡಿಮೆ ಬಂದರೆ ತನಿಖೆ ಅಲ್ಲಿಗೇ ಮುಗಿಯುತ್ತದೆ. ಡಂಪಿಂಗ್ ಇದೆ ಎಂದಾದರೂ ಸಾಲದು. ಅದರಿಂದಲೇ ಇಲ್ಲಿನ ಉದ್ಯಮಕ್ಕೆ ಹಾನಿಯಾಯಿತು ಎಂದು ತೋರಿಸಬೇಕು. ಇಷ್ಟು ರುಜುವಾತಾದರೆ ಮೇಲ್ಮಿತಿಯನ್ನೂ ಮೀರಿ ಹೆಚ್ಚುವರಿ ಸುಂಕ ಹಾಕಬಹುದು. ಚೀನಾದ 2ಎ ದರ್ಜೆಯ ಹಾಗೂ ಅದಕ್ಕೂ ಕೆಳದರ್ಜೆಯ ಮಲ್ಬರಿ ಕಚ್ಚಾ ರೇಷ್ಮೆಯ ಮೇಲೆ 2003ರಲ್ಲಿ ಬಿದ್ದದ್ದು ಈ ಬಗೆಯ ಸುಂಕ.

ಕೈಪಿಡಿಯಲ್ಲಿ ವಿಧಾನವನ್ನೂ ಸೇರಿಸಿ, ರೀಲರ್‌ಗಳಿಗೆ ಬೇಕಾದದ್ದು ಅದು. ಡಂಪಿಂಗ್ ವಿರುದ್ಧದ ಅರ್ಜಿ ಹೋಗುವುದು ವಾಣಿಜ್ಯ ಸಚಿವಾಲಯದ ವ್ಯಾಪಾರ ಪರಿಹಾರಗಳ ಮಹಾನಿರ್ದೇಶನಾಲಯಕ್ಕೆ. ಅದು ಶಿಫಾರಸು ಮಾಡುತ್ತದೆ, ಸುಂಕ ಹಾಕುವುದು ಹಣಕಾಸು ಸಚಿವಾಲಯ. ಅರ್ಜಿಯ ಬೆನ್ನಿಗಿರುವ ಘಟಕಗಳು ದೇಶದ ಒಟ್ಟು ಉತ್ಪಾದನೆಯ ಕನಿಷ್ಠ ಶೇ 25ರಷ್ಟನ್ನು ತಯಾರಿಸುತ್ತಿರಬೇಕು. ತೊಡಕಾಗುವುದು ಇಲ್ಲೇ. ಚರಕ, ಕಾಟೇಜ್ ಬೇಸಿನ್‌ನಂಥ ನೂಲು ಬಿಚ್ಚುವ ಸಾಧನ ಇಟ್ಟುಕೊಂಡ ಸಣ್ಣ ಘಟಕಗಳು ಎಷ್ಟು ಕೆ.ಜಿ. ಬಿಚ್ಚಿದೆವು, ಯಾವ ಬೆಲೆಗೆ ಗೂಡು ಕೊಂಡೆವು ಎಂಬ ಲೆಕ್ಕ ಇಡದಿದ್ದರೆ ಹಾನಿ ಕಣ್ಣಿಗೆ ಕಂಡರೂ ಕಾಗದದಲ್ಲಿ ಕಾಣುವುದಿಲ್ಲ.

ಈ ಹೆಚ್ಚುವರಿ ಸುಂಕಕ್ಕೆ ಐದು ವರ್ಷದ ಆಯಸ್ಸು. ಮುಗಿಯುವ ಮುನ್ನ ಮರುಪರಿಶೀಲನೆ ನಡೆದು ಮುಂದುವರಿಯದಿದ್ದರೆ ತಾನಾಗಿ ಬಿದ್ದುಹೋಗುತ್ತದೆ. ಇದಕ್ಕಿರುವ ‘ಸನ್‌ಸೆಟ್ ರಿವ್ಯೂ’ ಎಂಬ ಹೆಸರನ್ನು ‘ಅವಧಿ ಮುಕ್ತಾಯದ ಮರುಪರಿಶೀಲನೆ’ ಎನ್ನಿ. ‘ಸೂರ್ಯಾಸ್ತ ಪರಿಶೀಲನೆ’ ಮಾತ್ರ ದಯವಿಟ್ಟು ಬೇಡ.