ಮೈದಾನದ ಮಳೆನೀರು: ಟ್ಯಾಂಕ್ ತರಿಸುವ ಮುಂಚೆ ಸ್ವಲ್ಪ ಲೆಕ್ಕ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬಿಡುವಾದಾಗ ನೋಡಿ. ಅಣ್ಣ ಬೆಳಿಗ್ಗೆ ಕೇಳಿದ್ದರಲ್ಲ, ಪೆವಿಲಿಯನ್ ಚಾವಣಿಯ ಮಳೆನೀರನ್ನು 50 ಸಾವಿರ ಲೀಟರ್ ಟ್ಯಾಂಕಿಗೆ ತುಂಬಿಸಿಟ್ಟು ಬೇಸಿಗೆಯಲ್ಲಿ ಪೂರ್ತಿ ಮೈದಾನಕ್ಕೆ ಬಿಡೋಣ್ವಾ ಅಂತ. ಮಳೆನೀರು ಹಿಡಿಯೋಣ, ಅದರಲ್ಲಿ ಎರಡು ಮಾತಿಲ್ಲ. ಆದರೆ ಈ ಲೆಕ್ಕ ಕೂಡುವುದಿಲ್ಲ ಅಣ್ಣ.

ಒಂದು ಚದರ ಮೀಟರ್ ಜಾಗದಲ್ಲಿ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್ ನೀರು. ಚಾವಣಿ 30 ಮೀಟರ್ ಉದ್ದ, 10 ಮೀಟರ್ ಅಗಲ ಅಂದುಕೊಳ್ಳಿ. 20 ಮಿ.ಮೀ.ನಷ್ಟು ಒಳ್ಳೆಯ ಮಳೆಗೆ 6,000 ಲೀಟರ್. ಸಿಡಿದು ಸೋರಿ ಹೋಗುವುದನ್ನು ಕಳೆದರೆ ಹೆಚ್ಚುಕಮ್ಮಿ 5,000. ಈಗ ಮೈದಾನ ನೋಡಿ. ಪೂರ್ತಿ ಅಳತೆಯ ಫುಟ್‌ಬಾಲ್ ಮೈದಾನ 105 ಬೈ 68 ಮೀಟರ್. ಒಂದೇ ಒಂದು ಸಲ 5 ಮಿ.ಮೀ.ನಷ್ಟು ನೀರು ಹಾಯಿಸಲು 35,000 ಲೀಟರ್‌ಗಿಂತ ಜಾಸ್ತಿ ಬೇಕು. ತುಂಬಿದ ಟ್ಯಾಂಕ್ ಎರಡು ಸಲಕ್ಕೂ ಸಾಲದು. ಆಮೇಲೆ ಮುಂದಿನ ಮಳೆಗಾಲದವರೆಗೆ ಸುಮ್ನೆ ಖಾಲಿ ನಿಂತಿರುತ್ತದೆ.

ನನ್ನ ಪ್ರಕಾರ ಈ ನೀರು ಮೊದಲು ಹೋಗಬೇಕಾದದ್ದು ಶೌಚಾಲಯದ ಫ್ಲಶ್‌ಗೆ. ಕೇಳೋಕೆ ಚಪ್ಪೆ ಅನ್ನಿಸಬಹುದು. ಆದರೆ ಮಳೆಗಾಲದಲ್ಲಿ ಹುಲ್ಲಿಗೆ ನೀರು ಬೇಕಾಗುವುದೇ ಅಪರೂಪ. ಬೇಸಿಗೆಗೆ ಅಂತ ಟ್ಯಾಂಕ್ ತುಂಬಿಸಿ ಮುಚ್ಚಿಟ್ಟರೆ ಅಲ್ಲಿಂದ ಮುಂದಿನ ಮಳೆಯೆಲ್ಲ ಚರಂಡಿಗೇ ಅಲ್ವಾ? ಫ್ಲಶ್‌ಗೆ ದಿನಾ ನೀರು ಬೇಕು. ಟ್ಯಾಂಕ್ ಖಾಲಿಯಾಗುತ್ತಾ ಇರುತ್ತದೆ, ಮಳೆ ತುಂಬುತ್ತಾ ಇರುತ್ತದೆ. 10,000 ಲೀಟರ್‌ನ ಟ್ಯಾಂಕ್ ಒಂದು ಮಳೆಗಾಲದಲ್ಲಿ 15 ಸಲ ತುಂಬಿ ಖಾಲಿಯಾದರೆ ಒಂದೂವರೆ ಲಕ್ಷ ಲೀಟರ್ ಬಳಸಿದ ಹಾಗಾಯಿತು. ದೊಡ್ಡ ಟ್ಯಾಂಕಿಗಿಂತ ಬೇಗ ಬೇಗ ಖಾಲಿಯಾಗುವ ಟ್ಯಾಂಕೇ ಲಾಭ.

ಕ್ರಿಕೆಟ್ ಪಿಚ್‌ಗೂ ಇದು ಧಾರಾಳ ಸಾಕು. ಅದು 20 ಮೀಟರ್ ಉದ್ದ, 3 ಮೀಟರ್ ಅಗಲ ಅಷ್ಟೇ. 5 ಮಿ.ಮೀ. ಅಂದರೂ 300 ಲೀಟರ್.

ಹಾಗಾದರೆ ಹುಲ್ಲಿನ ಗತಿ ಏನು ಅಂತೀರಾ? ಅದೇ 20 ಮಿ.ಮೀ. ಮಳೆಗೆ ಮೈದಾನದ ಮೇಲೆ ಬೀಳುವುದು 1,40,000 ಲೀಟರ್‌ಗಿಂತ ಜಾಸ್ತಿ! ಓಡಾಡಿ ನೆಲ ಗಟ್ಟಿಯಾದ ಕಡೆ ಅದು ಇಂಗದೆ ಹರಿದು ಹೋಗುತ್ತದೆ. ಗೋಲ್ ಪೋಸ್ಟ್ ಮುಂದೆ ನೀರು ನಿಲ್ಲುವುದೂ ಬಹುಪಾಲು ಇದಕ್ಕೇ. ಅಂಥ ಕಡೆ ಮುಳ್ಳುಗೋಲಿನಿಂದ ಚುಚ್ಚಿ ತೂತು ಮಾಡಿ ಮರಳು ತುಂಬಿಸಬೇಕು. ಟ್ಯಾಂಕಿಗಿಂತ ಮೊದಲು ದುಡ್ಡು ಹಾಕಬೇಕಾದ್ದು ಇಲ್ಲಿ. ಇಷ್ಟಾದ ಮೇಲೂ ಹರಿಯುವ ನೀರಿಗೆ ಅಂಚಿನಲ್ಲಿ ಕಾಲುವೆ ತೆಗೆದು, ಕೆಸರು ತಂಗಲು ಒಂದು ಗುಂಡಿ ಬಿಟ್ಟು, ಆಮೇಲೆ ಇಂಗುಗುಂಡಿಗೆ ಬಿಡೋಣ. ಗೊಬ್ಬರ ಹಾಕುವ ನೆಲದ ನೀರನ್ನು ನೇರವಾಗಿ ಬೋರ್‌ವೆಲ್‌ಗೆ ಮಾತ್ರ ಇಳಿಸಬೇಡಿ. ಗುಂಡಿ ಆಟದ ಗೆರೆಯಿಂದ ದೂರ ಇರಲಿ, ಮೇಲೆ ಗಟ್ಟಿ ಮುಚ್ಚಳ ಇರಲಿ. ಚೆಂಡಿನ ಹಿಂದೆ ಓಡುವ ಮಕ್ಕಳು ಕೆಳಗೆ ನೋಡುವುದಿಲ್ಲ.

ಟ್ಯಾಂಕ್ ಚಾವಣಿ ಮೇಲೇ ಇಡೋಣ ಅಂತ ಇನ್ನೊಬ್ಬರು ಬರೆದಿದ್ದರು. 10,000 ಲೀಟರ್ ಅಂದರೆ ನೀರೇ 10 ಟನ್. ಅದೂ ಅಲ್ಲದೆ ಚಾವಣಿಯ ನೀರು ತಾನಾಗಿ ಚಾವಣಿ ಹತ್ತುತ್ತದೆಯೇ! ನೆಲದಲ್ಲೇ ಇರಲಿ. ಬೆಳಕು ತೂರದ ಟ್ಯಾಂಕ್ ಆದರೆ ಪಾಚಿ ಕಟ್ಟುವುದಿಲ್ಲ. ಹೆಚ್ಚಾದ ನೀರು ಹೊರಹೋಗುವ ಪೈಪಿಗೂ ಸಣ್ಣ ಕಣ್ಣಿನ ಜಾಲರಿ ಬೇಕು, ಸೊಳ್ಳೆ ಆ ದಾರಿಯಲ್ಲೂ ಬರುತ್ತದೆ. ಮೊದಲ ಮಳೆ ಧೂಳು, ಹಕ್ಕಿ ಹಿಕ್ಕೆ ಎಲ್ಲ ಹೊತ್ತು ತರುತ್ತದೆ. ಅದನ್ನು ಹೊರಗೆ ಬಿಡಲು ಒಂದು ವಾಲ್ವ್ ಹಾಕಿಸೋಣ. ಕುಡಿಯುವ ನೀರಿನ ಲೈನಿಗೆ ಇದನ್ನು ಎಲ್ಲೂ ಸೇರಿಸಬಾರದು. ನಲ್ಲಿಗಳ ಮೇಲೆ ‘ಕುಡಿಯಲು ಅಲ್ಲ’ ಅಂತ ದೊಡ್ಡದಾಗಿ ಬರೆಸಿ.

ಅಣ್ಣ, ಕೊಟೇಶನ್ ತರಿಸುವುದನ್ನು ಸ್ವಲ್ಪ ತಡೆಯಿರಿ. ಯಾರಾದರೂ ಇಬ್ಬರು ಟೇಪ್ ಹಿಡಿದು ಚಾವಣಿಯ ಉದ್ದ, ಅಗಲ ಅಳೆದು ಇಲ್ಲಿ ಹಾಕಿ. ಚಾವಣಿಯಿಂದ ಇಳಿಯುವ ಪೈಪ್ ಎಷ್ಟಿವೆ, ಯಾವ ಮೂಲೆಯಲ್ಲಿವೆ ಅನ್ನುವುದಕ್ಕೆ ಫೋಟೋ ಇದ್ದರೆ ಇನ್ನೂ ಒಳ್ಳೆಯದು. ಟ್ಯಾಂಕ್ ಸೈಜ್ ಆಮೇಲೆ ಹೇಳುತ್ತೇನೆ.