ಸಹಾಯ ಬೇಕು: ಸೊಂಟದ ಮೂಳೆಯ ಆಪರೇಷನ್ ನಂತರ ಟೆನ್ಸ್ ಚಿಕಿತ್ಸೆ

ಎಲ್ಲರಿಗೂ ನಮಸ್ಕಾರ. ಬಚ್ಚಲಲ್ಲಿ ಜಾರಿ ಬಿದ್ದ ನಮ್ಮ ಅವ್ವನಿಗೆ ಸೊಂಟದ ಕೀಲಿನ ಬಳಿ ಮೂಳೆ ಮುರಿದು, ಹುಬ್ಬಳ್ಳಿಯಲ್ಲಿ ಆಪರೇಷನ್ ಮಾಡಿಸಿ ರಾಡ್ ಹಾಕಿಸಿದ್ದೇವೆ. ಗಾಯ ಒಣಗಿದೆ, ಆದರೆ ವಾಕರ್ ಹಿಡಿದು ಎದ್ದು ಆ ಕಾಲಿನ ಮೇಲೆ ಭಾರ ಹಾಕಿದ ಕೂಡಲೇ ಹಲ್ಲು ಕಚ್ಚಿ ಮತ್ತೆ ಮಂಚದ ಅಂಚಿಗೆ ಕುಳಿತುಬಿಡುತ್ತಾರೆ. ಚರ್ಮಕ್ಕೆ ಪ್ಯಾಡ್ ಅಂಟಿಸಿ, ಸಣ್ಣ ವಿದ್ಯುತ್ ಮಿಡಿತಗಳಿಂದ ನರಗಳನ್ನು ಪ್ರಚೋದಿಸಿ ನೋವು ತಗ್ಗಿಸುವ ಟೆನ್ಸ್ ಚಿಕಿತ್ಸೆಯನ್ನು ವ್ಯಾಯಾಮದ ಜೊತೆಗೆ ಕೊಟ್ಟು ನೋಡಬಹುದೆಂದು ಫಿಸಿಯೋಥೆರಪಿಸ್ಟ್ ಹೇಳಿದ್ದಾರೆ. ಅದು ಮೂಳೆ ಕೂಡಿಸುವ ಚಿಕಿತ್ಸೆಯಲ್ಲವೆಂಬುದು ತಿಳಿದಿದೆ. ನೋವು ಇಳಿದರೆ ನಾಲ್ಕು ಹೆಜ್ಜೆಯಾದರೂ ಇಟ್ಟಾರು ಎಂಬುದೇ ನಮ್ಮ ಆಸೆ. ಪೇಸ್‌ಮೇಕರ್ ಇರುವವರಿಗೆ ಇದು ಸಲ್ಲದೆಂದು ಮೊದಲೇ ವಿಚಾರಿಸಿದರು, ಅವ್ವನಿಗೆ ಅದಿಲ್ಲ. ಇಂಥ ಆಪರೇಷನ್ ನಂತರ ಇದನ್ನು ಬಳಸಿದವರಿದ್ದರೆ, ಮಲಗಿದಾಗ ಹಚ್ಚಿದಿರೋ ನಡೆಸುವಾಗಲೋ, ನಡಿಗೆ ನಿಜಕ್ಕೂ ಸುಧಾರಿಸಿತೋ ಎಂಬುದನ್ನು ದಯವಿಟ್ಟು ತಿಳಿಸಿ. ಗದಗ-ಬೆಟಗೇರಿಯಲ್ಲಿ ಮನೆಗೆ ಬಂದು ಚಿಕಿತ್ಸೆ ಕೊಡುವವರು ಹಾಗೂ ಯಂತ್ರ ಬಾಡಿಗೆಗೆ ಸಿಗುವ ಅಂಗಡಿ ಗೊತ್ತಿದ್ದರೂ ಬರೆಯಿರಿ.